ತೊಗಲು ಬಿಚ್ಚಿಸಿದ ರಾಣಿ

ರಾಣಿ ಪುಸ್ತಕವನ್ನು ಓದುವ ಮೊದಲು ಮೂಸುತ್ತಿದ್ದಳು. ನಡುವಿಗೆ ತೆರೆದು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ, ಕಣ್ಣು ಮುಚ್ಚಿ, ಹಣ್ಣು ಆರಿಸುವವರ ಹಾಗೆ. ಊರಿನವರು ಬೆನ್ನ ಹಿಂದೆ ಅವಳನ್ನು ‘ಮೂಸೋ ದೊರೆಸಾನಿ’ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ತಲೆ ಕೆಡಿಸಿಕೊಂಡಿರಲಿಲ್ಲ. ಸತ್ತ ಗಂಡನ ಕೋಟು ತೊಟ್ಟು, ಉದ್ದವಾದ ತೋಳುಗಳನ್ನು ಮಡಿಚಿ, ಎಡಗಾಲನ್ನು ತುಸು ಎಳೆಯುತ್ತ ಅವಳು ಬಂದರೆ ಬೀದಿಯ ಕಲ್ಲುಗಳಿಗೂ ಗೊತ್ತಾಗುತ್ತಿತ್ತು. ಯಾರು ಏನು ಹೇಳಿದರೂ ಅವಳು ಕೇಳುವುದು ಒಂದೇ: “ಆಮೇಲೆ?”

ಪುಸ್ತಕಗಳಿಗೆ ರಟ್ಟು ಕಟ್ಟುವವನ ಹೆಂಡತಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ರಾಜ ಸತ್ತಾಗ ಹಿರಿಯ ಮಂತ್ರಿ ಬಂದು, ಊರ ನಡುವೆ ಅಮೃತಶಿಲೆಯ ಸ್ಮಾರಕ ಕಟ್ಟಿಸೋಣ ಎಂದನಂತೆ.

“ಆಮೇಲೆ?”

“ಆಮೇಲೇನು ಅಮ್ಮಾವ್ರೆ, ಜನ ನೋಡ್ತಾರೆ.”

“ನೋಡಿ?”

ಸ್ಮಾರಕದ ಮಾತು ಅಲ್ಲಿಗೇ ನಿಂತಿತು. ಚಾವಟಿ ಏಟಿನ ಶಿಕ್ಷೆಯನ್ನು ಆಗಲೇ ನಿಲ್ಲಿಸಿ, ಹೆಣ್ಣುಮಕ್ಕಳಿಗೆ ಶಾಲೆ ತೆರೆದು, ಅರಮನೆಯ ಅರ್ಧ ಜನರ ಶಾಪ ಕಟ್ಟಿಕೊಂಡಿದ್ದ ರಾಣಿ ಈಗ ಗಂಡನ ಪುಸ್ತಕಗಳನ್ನೆಲ್ಲ ಹೊರಿಸಿ ತಂದು ಅಂಗಡಿಬೀದಿಯ ಹಳೆಯ ಉಗ್ರಾಣದಲ್ಲಿ ಇಡಿಸಿದಳು. ಯಾರು ಬೇಕಾದರೂ ಒಯ್ಯಿರಿ, ಓದಿ, ತಂದುಕೊಡಿ ಎಂದು ಸಾರಿಸಿದಳು.

ಆ ಪುಸ್ತಕಗಳಿಗೆಲ್ಲ ಕೆಂಪು ತೊಗಲಿನ ಹೊದಿಕೆ ಕಟ್ಟಿದವನು, ರಾಣಿಯ ಮಾತಿಗೆ ಮೈ ಉರಿಯುತ್ತಿದ್ದ ಇವಳ ಗಂಡ. ತೊಗಲನ್ನು ನೆನೆಸಿ, ಹೆರೆದು, ಎಳೆದು ಕೂರಿಸಿ, ಬೆನ್ನಿನ ಮೇಲೆ ರಾಜನ ಹೆಸರನ್ನು ಚಿನ್ನದ ರೇಕಿನಲ್ಲಿ ಒತ್ತುತ್ತಿದ್ದ. ಮಕ್ಕಳಿಲ್ಲದ ಮನೆ. “ಮೆಲ್ಲಗೆ ಮಾತಾಡೇ, ಈಗಷ್ಟೇ ಮಲಗಿಸಿದೀನಿ,” ಎಂದು ಒಣಗಲು ಇಟ್ಟ ಪುಸ್ತಕ ತೋರಿಸಿ ತಮಾಷೆ ಮಾಡುತ್ತಿದ್ದ.

ಜನ ಬಂದರು, ಒಯ್ದರು, ತಂದೂ ಕೊಟ್ಟರು. ಯಾವ ಪುಸ್ತಕದಲ್ಲೂ ಒಂದು ಕಲೆಯಿರಲಿಲ್ಲ. ಉಗ್ರಾಣ ನೋಡಿಕೊಳ್ಳುವವನು ಹಿಗ್ಗಿದ. ರಾಣಿ ಮೂಸಿದಳು.

“ಪೆಟ್ಟಿಗೆ ವಾಸನೆ. ಯಾರೂ ಓದಿಲ್ಲ ಕಣಯ್ಯ ಇದನ್ನ.”

ಪುಸ್ತಕ ಹಿಂದಿರುಗಿಸಲು ಬಂದಿದ್ದ ಬಡಗಿಯನ್ನು ನಿಲ್ಲಿಸಿ ಕೇಳಿದಳು. ಅವನು ತಲೆ ತಗ್ಗಿಸಿದ. “ಓದೋ ಆಸೆ ಇತ್ತು ಅಮ್ಮಾವ್ರೆ. ದೊರೆಗಳ ಹೆಸರಿದೆ, ಚಿನ್ನ ಇದೆ. ಕೈಜಾರಿ ಬಿದ್ರೆ ನನ್ನ ಗತಿ ಏನು? ಬಟ್ಟೇಲಿ ಸುತ್ತಿ ಅಟ್ಟದ ಮೇಲಿಟ್ಟು, ಹೆಂಡ್ತಿನ ಕಾವಲು ಕೂರಿಸಿದ್ದೆ.”

ಮರುದಿನ ರಾಣಿ ರಟ್ಟು ಕಟ್ಟುವವನ ಮನೆಗೇ ಬಂದಳು. “ತೊಗಲೆಲ್ಲ ಬಿಚ್ಚಿಬಿಡಪ್ಪ. ಒರಟು ಬಟ್ಟೆ ಹಾಕು. ಹೆಸರು ಬೇಡ.”

ಒಂದನ್ನಾದರೂ ಹಾಗೇ ಉಳಿಸಲೇ ಎಂದು ಅವನು ಕೇಳಿದ.

“ಒಂದು ಉಳಿದ್ರೆ ಜನ ಅದಕ್ಕೇ ಕೈ ಮುಗೀತಾ ಕೂರ್ತಾರೆ.”

ಕಟ್ಟಿದ ಕೈಯಿಂದಲೇ ಬಿಚ್ಚಿದ. ತಮಾಷೆ ನಿಂತಿತು. ಆಮೇಲೆ ಕೆಮ್ಮು ಹಿಡಿಯಿತು, ಚಳಿಗಾಲ ದಾಟಲಿಲ್ಲ. ತೊಗಲಿನ ದುಃಖಕ್ಕೆ ಸತ್ತ ಎಂದರೆ ಸುಳ್ಳಾದೀತು. ಕೆಮ್ಮಿಗೆ ಸತ್ತ. ಆದರೆ ಇದು ಅವನ ಕೈಯದು ಎಂದು ತೋರಿಸಲು ಊರಲ್ಲಿ ಒಂದೂ ಉಳಿದಿರಲಿಲ್ಲ. ಅವನು ಹೋದದ್ದನ್ನು ಹೇಗೋ ನುಂಗಿಕೊಂಡ ಹೆಂಡತಿಗೆ ಇದು ಮಾತ್ರ ಗಂಟಲಲ್ಲಿ ನಿಂತಿತು.

ರಾಣಿ ನೋಡಲು ಬಂದಳು. ಅವನು ಕೂತು ಕೆಲಸ ಮಾಡುತ್ತಿದ್ದ ಗಿಡ್ಡ ಮಣೆಯ ಮೇಲೇ ಕೂತಳು.

“ಅವರ ಕೈಕೆಲಸ ಒಂದೂ ಬಿಡಲಿಲ್ಲ ನೀವು,” ಎಂದಳು ಇವಳು. ಹೆದರಿಕೆಯಾಗಲಿಲ್ಲ. ಹೋಗುವುದು ಇನ್ನೇನಿತ್ತು?

“ಬಿಡಲಿಲ್ಲ.” ರಾಣಿ ಕೋಟಿನ ತೋಳಿನ ಮಡಿಕೆ ಬಿಚ್ಚಿ ಮತ್ತೆ ಮಡಿಚಿದಳು. “ನಮ್ಮೋರ ಹೆಸರೂ ಆ ತೊಗಲ ಮೇಲೇ ಇತ್ತಮ್ಮ. ನಾನೇ ಕೀಳಿಸಿದೆ. ಈಗ ಎಲ್ಲೂ ಇಲ್ಲ.”

ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಅಂದಿದ್ದರೆ ಇವಳು ಬಾಗಿಲು ತೋರಿಸುತ್ತಿದ್ದಳೇನೋ. “ಆಮೇಲೆ?” ಎಂದು ಕೂಡ ಆ ದಿನ ಕೇಳಲಿಲ್ಲ.

ವರ್ಷ ತಿರುಗಿದ ಮೇಲೆ ರಾಣಿ ಹರಿದ ಪುಸ್ತಕವೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. “ಗಂಡನ ಪಕ್ಕ ಕೂತು ಅಂಟು ಹಚ್ತಿದ್ದೆಯಲ್ಲಮ್ಮ. ಇದು ಸರಿಹೋಗುತ್ತಾ ನೋಡು.”

ಹಾಳೆಗಳ ತುಂಬ ಎಣ್ಣೆಬೆರಳು, ಮರದ ಹುಡಿ, ಯಾವುದೋ ಮಗುವಿನ ಜೊಲ್ಲು. ರಾಣಿ ಮೂಸಿದಳು. ಇವಳ ಮೂಗಿನ ಹತ್ತಿರವೂ ಹಿಡಿದಳು. ಬಡಗಿಯ ಮನೆಯ ವಾಸನೆ.

ಇವಳು ಬೆನ್ನಿನ ಬಟ್ಟೆ ಸರಿಸಿದಳು. ಒಳಗೆ ಹೊಲಿಗೆಯಿತ್ತು. ತೊಗಲು ಬಿಚ್ಚುವಾಗ ಅದನ್ನು ಮುಟ್ಟುವ ಅಗತ್ಯ ಅವನಿಗೆ ಬಿದ್ದಿರಲಿಲ್ಲ. ಇವಳಿಗೆ ತಿಳಿಯದ್ದೇನಲ್ಲ, ದುಃಖದಲ್ಲಿ ನೆನಪೇ ಆಗಿರಲಿಲ್ಲ. ಮೇಣ ಹಚ್ಚಿದ ದಾರ, ಕೊನೆಯಲ್ಲಿ ಎಡಗೈಯಿಂದ ಅವನೊಬ್ಬನೇ ಹಾಕುತ್ತಿದ್ದ ಗಂಟು. ಅಷ್ಟು ಜನ ಎಳೆದಾಡಿದರೂ ಒಂದು ಎಳೆ ಸಡಿಲವಾಗಿರಲಿಲ್ಲ.

“ಹೊಲಿಗೆ ಬಿಟ್ಟಿಲ್ಲ,” ಎಂದಳು.

“ಆಮೇಲೆ?”

“ಆಮೇಲೇನು, ಬಟ್ಟೆ ಹಾಕ್ತೀನಿ. ನಾಳಿದ್ದು ಬನ್ನಿ.”

ರಾಣಿಯೂ ಬಗ್ಗಿ ಆ ಬೆನ್ನಿನೊಳಗೆ ತುಂಬ ಹೊತ್ತು ನೋಡಿದಳು. ಅವಳ ಗಂಡನದು ಅಲ್ಲಿ ಏನೂ ಇರಲಿಲ್ಲ. ಕೋಟು ಸರಿಮಾಡಿಕೊಂಡು, ಕಾಲೆಳೆಯುತ್ತ ಹೋದಳು.

ಇಂಥವರು ಒಳ್ಳೆಯದು ಮಾಡುವಾಗಲೂ ಕೈ ಮೃದುವಾಗಿರುವುದಿಲ್ಲ. ಮೊದಲು ತಮ್ಮದನ್ನು ಹರಿಯುತ್ತಾರೆ, ಆಮೇಲೆ ನಮ್ಮದಕ್ಕೆ ಕೈ ಹಾಕುತ್ತಾರೆ. ಅದಕ್ಕೇ ಅವರನ್ನು ಬಾಯಿತುಂಬ ಹೊಗಳಲೂ ಆಗುವುದಿಲ್ಲ, ಬಾಯಿತುಂಬ ಬೈಯಲೂ ಆಗುವುದಿಲ್ಲ.