ಭರತೇಶನ ಹದಿನೆಂಟು ಚುಟ್ಟಗಳು

ಭರತೇಶನ ಅವ್ವ ಬೆಳಗಾವಿಯಿಂದ ಬಾರದೇ ಇದ್ದಿದ್ದರೆ ಆ ಹದಿನೆಂಟು ಚುಟ್ಟಗಳು ನಮ್ಮ ಮನೆಯ ಹೊಸ್ತಿಲು ದಾಟುತ್ತಲೇ ಇರಲಿಲ್ಲ. ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ಮಡಿಯ ಅಡುಗೆ ಮಾಡಿಕೊಂಡು ಬಂದವರು ನಾವು. ಕಲ್ಕತ್ತೆಯ ಕನ್ನಡದವರ ಉಪನಯನ, ಸೀಮಂತ, ಸತ್ಯನಾರಾಯಣ ಪೂಜೆ ಯಾವುದಿದ್ದರೂ ನನ್ನ ಗಂಡ ಕೃಷ್ಣರಾಜ ರಾಯರ ಕೈಯಡುಗೆಯೇ ಆಗಬೇಕು. ಅಂಥವರ ಮನೆಗೆ ಚುಟ್ಟ!

ಭರತೇಶ ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವವನು, ಜೈನರ ಮನೆಯವನು. ಅಲಿಪುರದಲ್ಲಿ ಎಂಟನೇ ಮಹಡಿಯ ಅವನ ಫ್ಲ್ಯಾಟಿನೊಳಗೆ ಈರುಳ್ಳಿ ಬೆಳ್ಳುಳ್ಳಿ ಬರುವ ಹಾಗಿಲ್ಲ. ಹನ್ನೆರಡು ವರ್ಷ ಮರದ ಪೀಪಾಯಿಯಲ್ಲಿ ಮಲಗಿದ್ದ ರಮ್ ಮಾತ್ರ ಬರಬಹುದು. ಜನವರಿಯಲ್ಲಿ ಅವನ ಕಂಪನಿಗೆ ಅಮೆರಿಕದಿಂದ ಮೂವರು ಬರುವವರಿದ್ದರು. ಅವರಿಗಾಗಿ ಒಂದು ಸಂಜೆ ಹಳೆಯ ರಮ್ಮು, ಸಿಗಾರು ಎರಡನ್ನೂ ಜೋಡಿ ಮಾಡಿ ಕೊಡುತ್ತಾನಂತೆ. ಯಾವ ರಮ್ಮಿಗೆ ಯಾವ ಸಿಗಾರು ಹೊಂದುತ್ತದೆ ಎಂದು ಇವರೆಲ್ಲ ಕೂತು ಗಂಡುಹೆಣ್ಣಿನ ಜಾತಕ ನೋಡಿದ ಹಾಗೆ ನೋಡುತ್ತಾರಂತೆ. ನಡುನಡುವೆ ತಿನ್ನಲು ನಮ್ಮ ತಿಂಡಿ. ನನಗೆ ಕೇಳಿಯೇ ತಲೆಕೆಟ್ಟಿತು. ಆದರೆ ಬೇಡ ಎನ್ನುವ ಹಾಗಿರಲಿಲ್ಲ. ಆ ಸಂಜೆ ಸರಿಹೋದರೆ ಅವನ ಕಂಪನಿಯ ನಾನೂರು ಜನರ ಮಧ್ಯಾಹ್ನದ ಊಟ ನಮಗೇ ಕೊಡಿಸುವ ಮಾತು ಕೊಟ್ಟಿದ್ದ.

ಆ ಊಟದ ಕೆಲಸ ನಮಗೆ ಬೇಕೇ ಬೇಕಿತ್ತು. ಯಾಕೆಂದರೆ ಹಿಂದಿನ ಐದು ತಿಂಗಳಿನಿಂದ ನನ್ನ ಗಂಡ ಕೂಡಿಟ್ಟ ಹೆಸರನ್ನೆಲ್ಲ ಹಾಳುಮಾಡಿಕೊಳ್ಳುತ್ತಾ ಬಂದಿದ್ದರು. ಬಿಬಿಡಿ ಬಾಗ್‌ನಲ್ಲಿ ಬ್ಯಾಂಕ್ ಆಫೀಸರಾಗಿರುವ ನರಸಿಂಹಮೂರ್ತಿಗಳ ಮೊಮ್ಮಗನ ಉಪನಯನದಲ್ಲಿ ತುಪ್ಪ ಕಪ್ಪಾಯಿತು. ಸುಭದ್ರಮ್ಮನವರ ಮನೆಯ ಪೂಜೆಯ ದಿನ ಸಾಂಬಾರು ತಳ ಹಿಡಿದು ಹೊಗೆ ಏಳುತ್ತಿದ್ದರೆ ಇವರು ಸೌಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು! ಅವರಿಬ್ಬರೂ ಆಮೇಲೆ ನಮ್ಮನ್ನು ಕರೆಯಲಿಲ್ಲ.

ನಮ್ಮ ಪದ್ಧತಿಯಲ್ಲಿ ಅಡುಗೆ ಮಾಡುವವರು ರುಚಿ ನೋಡುವ ಹಾಗಿಲ್ಲ. ನೈವೇದ್ಯಕ್ಕೆ ಮೊದಲು ನಾಲಿಗೆಗೆ ತಾಗಿದರೆ ಅದು ಎಂಜಲು. ಉಪ್ಪು, ಹುಳಿ, ಬೆಂದದ್ದು, ಬೇಯದ್ದು ಎಲ್ಲವೂ ಮೂಗಿಗೇ ತಿಳಿಯಬೇಕು. ಇವರಿಗೆ ತಿಳಿಯುತ್ತಿತ್ತು. ಬಾಲ್ಕನಿಯಲ್ಲಿ ಪೇಪರ್ ಓದುತ್ತಾ ಕೂತವರು ತಲೆಯೆತ್ತದೆ, "ಮುಕ್ತಾ, ತುಪ್ಪ ಇಳಿಸು" ಎನ್ನುತ್ತಿದ್ದರು. ಹೋಗಿ ನೋಡಿದರೆ ಸರಿಯಾಗಿ ಹದ ಬಂದಿರುತ್ತಿತ್ತು. ಮದುವೆಯಾದ ಹೊಸತರಲ್ಲಿ ನಾನು ಇದನ್ನು ಊರಿಗೆಲ್ಲ ಕಾಗದ ಬರೆದು ತಿಳಿಸಿದ್ದೆ.

ಈಗ ನೋಡಿದರೆ ಎಲ್ಲದಕ್ಕೂ ನನ್ನನ್ನು ಕರೆಯುವುದು. ನಾನು ಕಾಯಿ ತುರಿಯುತ್ತಿದ್ದರೂ ಸರಿ, ಫೋನಿನಲ್ಲಿದ್ದರೂ ಸರಿ.

"ಸ್ವಲ್ಪ ಬಾ ಮಾರಾಯ್ತಿ. ಇದು ಆಯ್ತಾ ನೋಡು."

"ನಿಮಗೆ ಮೂಗಿಲ್ವಾ?"

ಅವರು ದಿನಕ್ಕೆ ಹತ್ತು ಸಲ ಕರೆದರೆ ನಾನೂ ದಿನಕ್ಕೆ ಹತ್ತು ಸಲ ಹೀಗೆ ಕೇಳುತ್ತಿದ್ದೆ. ವಯಸ್ಸಾಯಿತು, ಉದಾಸೀನ ಹತ್ತಿದೆ, ಮನಸ್ಸಿಟ್ಟು ಕೆಲಸ ಮಾಡುತ್ತಿಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಭರತೇಶ ಒಂದು ಬೆಳಿಗ್ಗೆ ಹದಿನೆಂಟು ಸಿಗಾರುಗಳ ಪೊಟ್ಟಣ ಹಿಡಿದುಕೊಂಡು ಬಂದ. ಹೆಸರು ಸಿಗಾರು, ನನ್ನ ಲೆಕ್ಕಕ್ಕೆ ಚುಟ್ಟವೇ.

"ನಮ್ಮವ್ವ ಬಂದಾಳ್ರಿ. ಹತ್ತು ದಿನ ಇರ್ತಾಳ. ಇವನ್ನ ನೋಡಿದ್ಲಂದ್ರ ನನ್ನ ಕತಿ ಮುಗೀತು. ಆಫೀಸಿನಾಗ ಇಟ್ರ ಏಸಿಗೆ ಒಣಗಿ ಹೋಗ್ತಾವ. ರಾಯರ, ನೀವು ವೀಳ್ಯದೆಲಿ ಹತ್ತು ದಿನ ಬಾಡದಂಗ ಇಡ್ತೀರಲ್ಲ, ಹಂಗ ಇವನ್ನೂ ಒಂದೀಟು ತಂಪಿನಾಗ ಇಡ್ರಿ."

ನಾನು ಬೇಡ ಎನ್ನುವ ಮೊದಲೇ ಇವರು ಕೈ ಚಾಚಿಯಾಗಿತ್ತು.

"ಅದೂ ಒಂದು ಎಲೆಯೇ ಅಲ್ವಾ ಮುಕ್ತಾ? ಒದ್ದೆ ಬಟ್ಟೆ, ಬಾಳೆಲೆ, ಗಟ್ಟಿ ಮುಚ್ಚಳ. ಅಷ್ಟೇ."

"ಅಡುಗೆಮನೆಗೆ ತಂದ್ರೆ ನೋಡಿ! ಉಗ್ರಾಣದಲ್ಲಿ ಎಲ್ಲಾದ್ರೂ ಇಡಿ. ಅದು ಅಲ್ಲಿ ಇರುವಷ್ಟು ದಿನ ನಾನು ಉಗ್ರಾಣಕ್ಕೆ ಕಾಲಿಡುವುದಿಲ್ಲ. ಅಕ್ಕಿ ಬೇಳೆ ಎಲ್ಲ ನೀವೇ ತಂದುಕೊಡ್ಬೇಕು."

ಹಾಗೇ ಆಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉಗ್ರಾಣಕ್ಕೆ ಹೋಗಿ ಮುಚ್ಚಳ ತೆಗೆದು ಬಟ್ಟೆಯ ಪಸೆ ನೋಡಿ ಬರುತ್ತಿದ್ದರು. ಬಾಣಂತಿಯ ಕೋಣೆಗೂ ಯಾರೂ ಇಷ್ಟು ಸಲ ಇಣುಕುವುದಿಲ್ಲ. ಸಾಂಬಾರಿನ ಮೇಲೆ ಇಲ್ಲದ ನಿಗಾ ಚುಟ್ಟದ ಮೇಲೆ ಉಂಟಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡೆ.

ಅವ್ವ ರೈಲು ಹತ್ತಿದ ಮಾರನೆಯ ಸಂಜೆ ನಾವು ಪಾತ್ರೆಪಗಡಿ ಹೇರಿಕೊಂಡು ಟ್ಯಾಕ್ಸಿಯಲ್ಲಿ ಅಲಿಪುರಕ್ಕೆ ಹೊರಟೆವು. ಬಟ್ಟೆ ಸುತ್ತಿದ ಚುಟ್ಟದ ಡಬ್ಬಿ ಇವರ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಇಂಗಿನ ವಾಸನೆ ಬರುತ್ತಿತ್ತು. ಸಾಮಾನಿನ ಬುಟ್ಟಿ ನನ್ನ ಕಾಲಬುಡದಲ್ಲೇ ಇದ್ದುದರಿಂದ ಅದರದ್ದೇ ಇರಬೇಕು ಎಂದುಕೊಂಡೆ.

ತಿಂಡಿಯ ಪಟ್ಟಿ ಇವರದೇ. ಅನಾನಸಿನ ಮೆಣಸ್ಕಾಯಿ, ಗೋಳಿಬಜೆ, ಹುರಿದ ಗೇರುಬೀಜ, ಕೊನೆಗೆ ಚಳಿಗಾಲದ ನೊಲೆನ್ ಗುಡ, ಅಂದರೆ ಇಲ್ಲಿಯ ಖರ್ಜೂರದ ಬೆಲ್ಲ ಹಾಕಿದ ಕಾಯಿಹೋಳಿಗೆ. ಅದರ ಮೇಲೆ ಅಲ್ಲೇ ಬೆಣ್ಣೆ ಕಾಯಿಸಿದ ಬಿಸಿ ತುಪ್ಪ. ಭರತೇಶ ಅಡುಗೆಮನೆಗೆ ಬಂದು ಬಾಟಲಿ ತೋರಿಸಿ ಪಾಠ ಹೇಳಿ ಹೋದ.

"ಮೊದಲಿಗೆ ಸುಟ್ಟ ಬೆಲ್ಲ ಬರ್ತೈತ್ರಿ. ಆಮ್ಯಾಲೆ ಹಳೇ ಕಟ್ಟಿಗಿ. ಕಡೀಕ ಒಣ ಹಣ್ಣು. ಅದಕ್ಕ ನಿಮ್ಮ ಹೋಳಿಗಿ ಜೋಡಿ."

ಇವರು ಶಾಲೆಯ ಮಕ್ಕಳ ಹಾಗೆ ತಲೆಯಾಡಿಸಿದರು.

ಮೊದಲ ಸುತ್ತು ಚೆನ್ನಾಗಿಯೇ ನಡೆಯಿತು. ಮೆಣಸ್ಕಾಯಿ ಬಟ್ಟಲು ಖಾಲಿಯಾಗಿ ಬಂತು. ಆಮೇಲೆ ಭರತೇಶ ನಮ್ಮ ಡಬ್ಬಿಯನ್ನು ಹಾಲಿಗೆ ಒಯ್ದು, ಏನೋ ಇಂಗ್ಲಿಷಿನಲ್ಲಿ ಭಾಷಣ ಮಾಡಿ ಮುಚ್ಚಳ ತೆಗೆದ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಡಬ್ಬಿಯ ಗುರುತು ನನಗೆ ಆಗಲೇ ಸಿಕ್ಕಿದ್ದು. ಅಷ್ಟರಲ್ಲಿ ವಾಸನೆ ಹಾಲಿನ ತುಂಬ ಹರಡಿತು. ಅಮೆರಿಕದ ಹೆಂಗಸು ಕುರ್ಚಿ ಹಿಂದಕ್ಕೆ ಸರಿಸಿದಳು. ಉಳಿದಿಬ್ಬರು ಗೌರವಕ್ಕೆ ನಗುತ್ತಾ ಕರ್ಚೀಫು ತೆಗೆದರು.

ಭರತೇಶ ಡಬ್ಬಿ ಹಿಡಿದುಕೊಂಡು ಸೀದಾ ಒಳಗೆ ಬಂದ. ಮುಖ ಕೆಂಪಗಾಗಿತ್ತು.

"ಏನ್ರೀ ರಾಯರ ಇದು? ಸಾರಿನ ವಾಸನಿ ಹೊಡ್ಯಾಕತ್ತಾವಲ್ರೀ ಎಲ್ಲಾ! ಇಂಗಿನ ಡಬ್ಬಿ ಬಿಟ್ರ ನಿಮಗ ಬ್ಯಾರೆ ಸಿಗಲಿಲ್ಲೇನು?"

"ಖಾಲಿ ಇತ್ತು. ಮೂರು ಸಲ ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟಿದ್ದೆ. ಮುಚ್ಚಳ ಗಟ್ಟಿ ಉಂಟು ಅಂತ..." ಇವರು ತಡವರಿಸಿದರು.

ಇಪ್ಪತ್ತು ವರ್ಷ ಗಟ್ಟಿ ಇಂಗು ಕೂತ ಡಬ್ಬಿ ಅದು. ಮೂರಲ್ಲ, ಮುನ್ನೂರು ಸಲ ತೊಳೆದರೂ ಹೋಗುವ ವಾಸನೆಯಲ್ಲ. ನಾನೂರು ಜನರ ಊಟ ಕಣ್ಣೆದುರಿಗೇ ಕೈಬಿಟ್ಟು ಹೋಗುತ್ತಿತ್ತು. ಭರತೇಶ ಇದ್ದಾನೆ ಎನ್ನುವುದನ್ನೂ ಮರೆತು ನಾನು ಹರಿಹಾಯ್ದೆ.

"ಹತ್ತು ದಿನ, ದಿನಕ್ಕೆ ಎರಡೆರಡು ಸಲ ಮುಚ್ಚಳ ತೆಗೆದು ನೋಡಿದ್ರಲ್ಲ! ನಿಮಗೆ ಮೂಗಿಲ್ವಾ?"

ಇವರು ಡಬ್ಬಿ ತೆಗೆದುಕೊಂಡು ಮೂಗನ್ನು ಅದರೊಳಗೇ ಇಟ್ಟು ಜೋರಾಗಿ ಉಸಿರೆಳೆದರು. ಎರಡು ಮಾರು ದೂರ ನಿಂತ ನನಗೇ ತಲೆ ಸುತ್ತುತ್ತಿತ್ತು. ಇವರ ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ.

"ಹೌದು. ಸ್ವಲ್ಪ ಉಂಟು" ಎಂದರು.

ಸ್ವಲ್ಪ! ಬೈಯುವುದನ್ನು ಬಿಟ್ಟು ಇವರ ಮೂಗನ್ನೇ ನೋಡಿದೆ.

"ಹೋಳಿಗಿ ತುಪ್ಪನರೆ ಛಲೋ ಬರಲಿ. ಇದ್ದಷ್ಟು ಮರ್ಯಾದಿ ಉಳಸ್ರಿ" ಎಂದು ಭರತೇಶ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದ.

ಕಟ್ಟೆಯ ಮೇಲೆ ಮುಂದಿನ ಸುತ್ತಿನ ರಮ್ಮಿನ ಗ್ಲಾಸುಗಳನ್ನು ತುಂಬಿಸಿಟ್ಟಿದ್ದರು. ಅವುಗಳ ಪಕ್ಕದಲ್ಲಿ, ಕುಡಿಯದ ಒಬ್ಬ ಅತಿಥಿಗೆಂದು ನಾನು ಮನೆಯಿಂದ ಮಾಡಿ ತಂದಿದ್ದ ತಣ್ಣನೆಯ ಜೀರಿಗೆ ಕಷಾಯ ಅಂಥದೇ ಗ್ಲಾಸಿನಲ್ಲಿತ್ತು. ಬಣ್ಣವೂ ಹೆಚ್ಚುಕಡಿಮೆ ಅದೇ. ನಾನು ಕಷಾಯದ ಗ್ಲಾಸನ್ನು ಎತ್ತಿ ಇವರ ಮೂಗಿನ ಹತ್ತಿರ ಹಿಡಿದೆ.

"ಇದರ ವಾಸನೆ ಹೇಗುಂಟು, ಹೇಳಿ."

ಇವರು ಕಣ್ಣು ಮುಚ್ಚಿ ಮೂಸಿದರು.

"ಸುಟ್ಟ ಬೆಲ್ಲ. ಆಮೇಲೆ ಹಳೆಯ ಮರ. ಕೊನೆಗೆ ಒಣ ಹಣ್ಣು."

ಭರತೇಶ ಹೇಳಿದ ಪಾಠ, ಅದೇ ಅನುಕ್ರಮದಲ್ಲಿ. ಗ್ಲಾಸನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಾಗ ಕಷಾಯ ಸೆರಗಿನ ಮೇಲೆ ಚೆಲ್ಲಿತು. ಜೀರಿಗೆ, ಕಾಳುಮೆಣಸಿನ ಘಾಟು ನಮ್ಮಿಬ್ಬರ ನಡುವೆ ಎದ್ದು ನಿಂತಿದ್ದರೂ ಇವರು ಇನ್ನೂ ನನ್ನನ್ನೇ, ಸರಿಯಾಗಿ ಹೇಳಿದೆನಾ ಎನ್ನುವಂತೆ ನೋಡುತ್ತಿದ್ದರು.

"ಯಾವಾಗಿನಿಂದ?" ಎಂದು ಕೇಳಿದೆ.

ಮೊದಲು ಅರ್ಥವಾಗದವರ ಹಾಗೆ ಮಾಡಿದರು. ಆಮೇಲೆ ನನ್ನ ಸೆರಗಿನ ಕಲೆ ನೋಡಿ, ಗ್ಲಾಸು ನೋಡಿ ತಲೆ ತಗ್ಗಿಸಿದರು.

"ಶ್ರಾವಣದಲ್ಲಿ ಜ್ವರ ಬಂತಲ್ಲ, ಅದರ ನಂತರ. ಬರ್ತದೆ, ಬರ್ತದೆ ಅಂತ ಕಾದೆ. ಬರ್ಲಿಲ್ಲ."

"ನನ್ನ ಹತ್ರ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಮತ್ತೆ ನಾನು ಎಂತದ್ದು ಮುಕ್ತಾ? ಅಡುಗೆಯವನಾ?"

ನನಗೆ ಸಿಟ್ಟೇ ಬಂತು. ಐದು ತಿಂಗಳು ಒಂದೇ ಒಲೆಯ ಎದುರು ನಿಂತು ಇಷ್ಟು ದೊಡ್ಡದನ್ನು ಮುಚ್ಚಿಟ್ಟರಲ್ಲ ಎಂದು ಸಿಟ್ಟು. ಆದರೆ ಮುಚ್ಚಿಟ್ಟಿದ್ದರೇ? ದಿನಕ್ಕೆ ಹತ್ತು ಸಲ ಕರೆದು ಕೇಳಿದ್ದರು. ಹತ್ತು ಸಲವೂ ನಾನು ಏನು ಉತ್ತರ ಕೊಟ್ಟಿದ್ದೆ ಎನ್ನುವುದು ನೆನಪಾಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಯಿತು.

ಒಲೆಯ ಮೇಲೆ ಬೆಣ್ಣೆ ಕರಗಿ ಕುದಿಯುತ್ತಿತ್ತು. ತಟ್ಟೆಗಳಲ್ಲಿ ಹೋಳಿಗೆ ಕಾಯುತ್ತಿತ್ತು. ಇವರು ಮಸಿಬಟ್ಟೆ ಹಿಡಿದು ಒಲೆಯ ಮುಂದೆ ನಿಂತರು. ನನ್ನನ್ನು ಕರೆಯಲಿಲ್ಲ. ಬಾಣಲೆಯನ್ನೇ ದಿಟ್ಟಿಸಿ ನೋಡುತ್ತಿದ್ದರು, ಬಣ್ಣದಿಂದಲಾದರೂ ತಿಳಿಯಲಿ ಎಂದು. ಆ ಬೇರೆಯವರ ಅಡುಗೆಮನೆಯ ದೀಪದಲ್ಲಿ ಬಣ್ಣವೆಲ್ಲ ಒಂದೇ ಥರ ಕಾಣುತ್ತಿತ್ತು.

ನಾನು ಹೋಗಿ ಪಕ್ಕದಲ್ಲಿ ನಿಂತೆ. ಮೊದಲು ಹಸಿ ಮಜ್ಜಿಗೆಯ ವಾಸನೆ ಬಂತು. ಅದು ನಿಧಾನಕ್ಕೆ ಹೋಯಿತು. ಮೂವತ್ತು ವರ್ಷ ಬಾಲ್ಕನಿಯಿಂದ ಯಾರೋ ಹೇಳುತ್ತಾರೆ ಎಂದು ನಾನು ಗಮನವಿಟ್ಟು ಮೂಸದೇ ಇದ್ದ ಆ ಹದದ ಗಳಿಗೆ ಬಂತು.

"ಇಳಿಸಿ" ಎಂದೆ.

ಇಳಿಸಿದರು. ಹೋಳಿಗೆಯ ಮೇಲೆ ಸುರಿದು ತಟ್ಟೆಗಳನ್ನು ಕಳಿಸಿದೆವು. ಸ್ವಲ್ಪ ಹೊತ್ತಿಗೆ ಭರತೇಶ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದ.

"ಏನು ಘಮಾ ರೀ ರಾಯರ! ಸಿಗಾರಿಲ್ಲದ ಸಿಟ್ಟೇ ಮರ್ತುಬಿಟ್ರು ಅವರು. ಕ್ಯಾಂಟೀನಿಗೆ ಸೋಮವಾರದಿಂದ ಬರ್ರಿ. ಚುಟ್ಟಾ ಮಾತ್ರ ಜನ್ಮದಾಗ ನಿಮ್ಮ ಕೈಯಾಗ ಕೊಡಂಗಿಲ್ಲ."

ಅವನು ಹೋದ ಮೇಲೆ ಇವರು ನನ್ನ ಕಡೆ ತಿರುಗಿದರು. ಸಂತೋಷಪಡುವ ಮೊದಲು ಇವರಿಗೆ ಒಂದು ಮಾತು ಕೇಳಬೇಕಿತ್ತು. ನಾನು ಬೈದೇನು ಎಂದು ಹೆದರಿ ಮೆಲ್ಲಗೆ ಕೇಳಿದರು.

"ಹೌದಾ ಮುಕ್ತಾ? ಘಮ ಉಂಟಾ?"

"ಉಂಟು" ಎಂದೆ. "ದಿನಾ ಕೇಳಿ, ಹೇಳ್ತೇನೆ."