ಘಾಟು ಬಾರದ ಮೆಣಸಿನಕಾಯಿ

ಎಳಿಲರಸಿ ಹಾಡು ನಿಲ್ಲಿಸಿಬಿಟ್ಟಿದ್ದಳು. ಪಾತ್ರೆ ತೊಳೆಯುವಾಗಲೂ ಗುನುಗುತ್ತಿದ್ದ ಹುಡುಗಿ ಈಗ ಊಟಕ್ಕೆ ಕರೆದರೂ ತುಟಿ ಬಿಚ್ಚುತ್ತಿರಲಿಲ್ಲ. ಕಾರಣ ಗುಟ್ಟೇನಲ್ಲ. ಅಪ್ಪನ ತಾಯಿ, ಮನೆಮಂದಿಗೆಲ್ಲ ಅಪ್ಪಾಯಿ, ಕಲಿಸಿದ ನಾಟಿ ಹಾಡುಗಳನ್ನು ಹಿತ್ತಲ ಮೆಟ್ಟಿಲ ಮೇಲೆ ಕೂತು ಹಾಡಿ ಫೋನಿನಲ್ಲಿ ಹಾಕುತ್ತಿದ್ದಳು. ಮಾಯವರಂ ಸೀಮೆಯ ಗದ್ದೆಗಳಲ್ಲಿ ಈಗ ಯಂತ್ರ ನಾಟಿ ಮಾಡುತ್ತದೆ, ಯಂತ್ರಕ್ಕೆ ಹಾಡು ಬರುವುದಿಲ್ಲ. ಹಾಗಾಗಿ ಜನ ಕೇಳಿದರು, ಮೆಚ್ಚಿದರು. ಮೆಚ್ಚಿದವರ ಬೆನ್ನಿಗೇ ಉಗಿಯುವವರೂ ಬಂದರು. ಮುಖವಿಲ್ಲದ, ಊರಿಲ್ಲದ, ಹೆತ್ತವರಿಟ್ಟ ಹೆಸರೂ ಇಲ್ಲದ ಪುಂಡರು. ‘ಕರಿ ಹಂಡೆಗೆ ಬಾಯಿ ಬಂದಿದೆ ನೋಡ್ರೋ’ ಎಂದು ಕರುಂಪುಲಿ ಎಂಬವನು ಬರೆದ. ‘ಮುಖ ಮುಚ್ಕೊಂಡು ಹಾಡು ತಾಯಿ, ಉಂಡಿದ್ದು ಮೇಲಕ್ಕೆ ಬರತ್ತೆ’ ಎಂದು ರಾಜಾಳಿ ಎಂಬವನು ಬರೆದ.

ಇವರೆಲ್ಲರನ್ನೂ ಮೀರಿಸಿದ್ದು ‘ನೆರಳು’ ಎಂಬ ಹೆಸರಿನದು. ಅದು ಬೈಯುತ್ತಿರಲಿಲ್ಲ, ಇರಿಯುತ್ತಿತ್ತು. ‘ನಿಮ್ಮ ಬಾವಿ ರಾಟೆ ಕೂಡ ಹೀಗೇ ಕಿರುಗುಟ್ಟುತ್ತೆ. ಅದಕ್ಕಾದರೆ ಎಣ್ಣೆ ಹಾಕಬಹುದು.’ ಅದನ್ನು ಓದಿದ ದಿನ ತಾಯಿ ತೈಯಲ್‌ನಾಯಕಿಯ ಮೈ ಜುಮ್ಮೆಂದಿತು. ಅವರ ಬಾವಿ ಯಾವ ವಿಡಿಯೊದಲ್ಲೂ ಬಂದಿರಲಿಲ್ಲ. ಆಕೆ ಹಿತ್ತಲಿಗೆ ಹೋಗಿ ಗೋಡೆಯಾಚೆ ಇಣುಕಿದಳು. ಬಾಳೆಗಿಡಗಳ ನಡುವೆ ಯಾರೂ ಇರಲಿಲ್ಲ.

“ಆ ದರಿದ್ರದವನನ್ನ ಬ್ಲಾಕ್ ಮಾಡೇ.”

“ಮಾಡಿದ್ರೂ ಬರತ್ತೆ, ಬಿಡಮ್ಮ” ಎಂದಳು ಮಗಳು, ಮುಖ ತಿರುಗಿಸಿ.

ಉತ್ತರ ಕೊಡಬೇಡಿ, ತಾವಾಗಿಯೇ ಸುಮ್ಮನಾಗುತ್ತಾರೆ ಎಂದು ಎಲ್ಲರೂ ಬುದ್ಧಿ ಹೇಳಿದ್ದರು. ಹೇಳುವವರಿಗೇನು, ಮಗಳು ಅವರವಳಲ್ಲವಲ್ಲ! ತೈಯಲ್‌ನಾಯಕಿ ತನಗೆ ಗೊತ್ತಿದ್ದ ದಾರಿ ಹಿಡಿದಳು. ಒಣಮೆಣಸಿನಕಾಯಿ, ಕಲ್ಲುಪ್ಪು, ಮೂರು ದಾರಿ ಕೂಡುವಲ್ಲಿನ ಮಣ್ಣು ತಂದಿಟ್ಟು ಕೆಂಡ ಮಾಡಿದಳು. ಜಗುಲಿಯ ಮೇಲಿದ್ದ ಅಪ್ಪಾಯಿ ಸೊಸೆಯ ಮುಖ ನೋಡಿದರು.

“ದೃಷ್ಟಿ ತೆಗೀತೀಯಾ, ತೆಗಿ. ಹೆಸರು ಮಾತ್ರ ಹಿಡೀಬೇಡ ಕಣೇ. ಊರ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಅಂತ ಕೂಡಿಸಿ ಹೇಳು.”

“ಹೆಸರು ಹಿಡಿದ್ರೆ ಏನಾಗತ್ತೆ ಅತ್ತೆ?”

“ಘಾಟು ಅವರ ಹತ್ರಾನೇ ಹೋಗತ್ತೆ. ಯಾರ ಕಣ್ಣು ಎಲ್ಲಿರತ್ತೋ ಯಾರಿಗ್ಗೊತ್ತು? ಆಮೇಲೆ ಕಳಿಸಿದೋಳೇ ಅದನ್ನ ವಾಪಸ್ ತಗೋಬೇಕು. ತನ್ನ ಹೆಸರು ಹೇಳಿ, ತನ್ನ ಮೈಮೇಲೆ.”

“ಹೋಗ್ಲಿ ಬಿಡಿ. ಹೋಗಿ ಅವರಿಗೇ ಸುತ್ಕೊಳ್ಲಿ.”

ಆ ಮಂಗಳವಾರ ಮುಸ್ಸಂಜೆ ಮಗಳನ್ನು ಪೂರ್ವಕ್ಕೆ ಕೂರಿಸಿ, ನಿವಾಳಿಸಿ, ಕರುಂಪುಲಿಯ ಹೆಸರು ಹೇಳಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಉಬ್ಬಿತು, ಚಟಪಟ ಎಂದಿತು, ಕರಿಯಾಯಿತು. ಘಾಟಿಲ್ಲ. ಒಗ್ಗರಣೆಗೇ ಕೆಮ್ಮುವ ಅಪ್ಪಾಯಿ ಒಂದು ಸಲವೂ ಕೆಮ್ಮಲಿಲ್ಲ.

ಮರುದಿನ ಕರುಂಪುಲಿ ಬರೆದ: ‘ಕಣ್ಣು ವಿಪರೀತ ಉರೀತಿದೆ, ಒಳ್ಳೇ ಡಾಕ್ಟ್ರು ಯಾರಿದಾರೆ?’ ಅಷ್ಟೇ, ಆಮೇಲೆ ಅವನ ಸುದ್ದಿಯಿಲ್ಲ. ತೈಯಲ್‌ನಾಯಕಿ ಗಟ್ಟಿಯಾಗಿ ನಕ್ಕು ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿಕೊಂಡಳು. ಶುಕ್ರವಾರ ರಾಜಾಳಿಯ ಸರದಿ. ಅವನೂ ತಣ್ಣಗಾದ. ಪಾಪ ಎನ್ನಿಸಲಿಲ್ಲವೇ ಎಂದರೆ, ಸ್ವಲ್ಪವೂ ಇಲ್ಲ. ಅವಳಿಗೆ ಹಬ್ಬವಾಗಿತ್ತು.

ಹುಡುಗಿ ಮಾತ್ರ ಇನ್ನೂ ಹಾಡಲಿಲ್ಲ. ನೆರಳು ಬರೆಯುತ್ತಲೇ ಇತ್ತು. ‘ನಿನ್ನಮ್ಮ ಮೆಣಸಿನಕಾಯಿ ಸುಟ್ಟರೆ ನಿನ್ನ ದನಿ ಇಂಪಾಗುತ್ತಾ?’

ತೈಯಲ್‌ನಾಯಕಿ ಅದನ್ನು ಎರಡು ಸಲ ಓದಿದಳು. ಬಾಗಿಲು ಹಾಕಿಕೊಂಡು ಮಾಡಿದ ಕೆಲಸ ಅದು. ಮನೆಯಲ್ಲಿದ್ದವರು ಮೂವರೇ. ಅವಳು ಅಟ್ಟ ಹತ್ತಿ ನೋಡಿದಳು, ಮಂಚದ ಕೆಳಗೆ ಬಗ್ಗಿ ನೋಡಿದಳು. ಎಲ್ಲಿ ನಿಂತರೂ ಬೆನ್ನ ಹಿಂದೆ ಯಾರೋ ಇದ್ದಾರೆ ಎನ್ನಿಸಿತು.

ಮುಂದಿನ ಮಂಗಳವಾರ ಕಿಟಕಿಗಳನ್ನೂ ಮುಚ್ಚಿ ಕೆಂಡ ತಂದಳು. ಎಳಿಲರಸಿ ಅವಳ ಸೆರಗು ಹಿಡಿದಳು.

“ಇವತ್ತು ಬೇಡಮ್ಮ. ಅದರ ಹೆಸರು ಹೇಳ್ಬೇಡ.”

“ಅವನಿಗೆ ಹೆದರ್ತೀಯಾ? ನಾನಿಲ್ವಾ? ಸುಮ್ನೆ ಕೂತ್ಕೋ.”

ಹೆಸರು ಹೇಳಿದಳು, ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಉಬ್ಬಿತು, ಕರಿಯಾಯಿತು. ಘಾಟಿಲ್ಲ. ತಾಯಿ ನಗಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಎರಡೂ ಕೈಯಲ್ಲಿ ಕಣ್ಣು ಒತ್ತಿಕೊಂಡು ಚೀರಿದಳು.

“ಉರಿ ಅಮ್ಮಾ! ಉರಿ!”

“ಹೊಗೇನೇ ಇಲ್ವಲ್ಲೇ…”

“ನಾನೇ ಅಮ್ಮ. ನೆರಳು ನಾನೇ.” ಹುಡುಗಿ ನೆಲದ ಮೇಲೆ ಮುದುಡಿದಳು. “ಅವರು ಬರೆಯೋಕೆ ಮುಂಚೆ ನಾನೇ ಕೆಟ್ಟದಾಗಿ ಬರ್ಕೊಂಡ್ರೆ ಅವರದ್ದು ನೋಯಲ್ಲ ಅನ್ಕೊಂಡೆ. ಆಮೇಲೆ ನಿಲ್ಲಿಸೋಕೇ ಆಗ್ಲಿಲ್ಲ. ನಾನು ಮಲಗಿದ್ರೂ ಅದು ಒಳಗೆ ಬರೀತಾನೇ ಇರತ್ತಮ್ಮ.”

ತೈಯಲ್‌ನಾಯಕಿ ಮಗಳ ಮುಖ ಮೇಲೆತ್ತಿ ಕಣ್ಣಿಗೆ ತಣ್ಣೀರು ಸುರಿದಳು, ಹಾಲು ಬಿಟ್ಟಳು. ಹುಡುಗಿಯ ಕಣ್ಣಿನ ಕಪ್ಪು ಗುಡ್ಡೆಗಳ ಮೇಲೆ ಹಾಲಿನ ಕೆನೆಯಂಥ ಬಿಳುಪು ಕಟ್ಟತೊಡಗಿತ್ತು. “ದೀಪ ಆರಿಸಿದ್ಯಾ ಅಮ್ಮ?” ಎಂದಳು. ದೀಪ ಉರಿಯುತ್ತಲೇ ಇತ್ತು.

ತಾಯಿ ಉಳಿದ ಮೆಣಸಿನಕಾಯಿಯನ್ನೆಲ್ಲ ಮುಷ್ಟಿಯಲ್ಲಿ ಬಾಚಿಕೊಂಡಳು.

“ತೈಯಲು, ಸ್ವಲ್ಪ ಯೋಚ್ನೆ ಮಾಡೇ!” ಅಪ್ಪಾಯಿ ಕೂಗಿದರು.

“ಯೋಚ್ನೆ ಮಾಡೋಕೆ ಏನಿದೆ ಅತ್ತೆ?”

ತನ್ನ ತಲೆಯ ಸುತ್ತ ಎಡಕ್ಕೆ ನಿವಾಳಿಸಿ ತನ್ನ ಹೆಸರು ಹೇಳಿ ಕೆಂಡಕ್ಕೆ ಸುರಿದಳು. ಆಗ ಬಂತು ಘಾಟು. ಇಷ್ಟು ದಿನ ಬಾರದೆ ಉಳಿದಿದ್ದೆಲ್ಲ ಒಟ್ಟಿಗೇ ಬಂತು. ಅಪ್ಪಾಯಿ ಕೆಮ್ಮಿದರು, ಹುಡುಗಿ ಕೆಮ್ಮಿದಳು, ಪಕ್ಕದ ಮನೆಯವರು ಕೆಮ್ಮುತ್ತಾ ಬೈದರು. ಹೊಗೆ ಕರಗಿದ ಮೇಲೆ ಎಳಿಲರಸಿಯ ಕಣ್ಣು ತಿಳಿಯಾಗಿತ್ತು. ತೈಯಲ್‌ನಾಯಕಿಗೆ ಹೊಗೆ ಕರಗಲೇ ಇಲ್ಲ.

ಈಗ ಅವಳಿಗೆ ಕಾಣುವುದು ಬೆಳಕು, ಕತ್ತಲೆ ಇಷ್ಟೇ. ಕರುಂಪುಲಿ, ರಾಜಾಳಿ ಇಬ್ಬರೂ ವಾಪಸ್ ಬಂದರು. ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಅವಳೇ ಮಗಳಿಗೆ ಹೇಳಿದಳು.

“ಅದೇನು ಬರೆದಿದಾರೋ ಓದೇ. ಗಟ್ಟಿಯಾಗಿ ಓದು.”

“‘ಕರಿ ಹಂಡೆ ಇನ್ನೂ ಒಡೆದಿಲ್ವಾ?’”

“ಅವನ ಕಣ್ಣು ನೆಟ್ಟಗಾಯ್ತು ಅನ್ನು. ಮುಂದೆ?”

ಹುಡುಗಿ ಫಕ್ಕನೆ ನಕ್ಕಳು. ಆಮೇಲೆ ಫೋನು ಎದುರಿಗಿಟ್ಟು ಹಾಡಿದಳು. ನಡುವೆ ದನಿ ಒಡೆಯಿತು, ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ತಾಯಿ ಉಸಿರು ಬಿಗಿಹಿಡಿದು ಕೇಳಿದಳು.

“ಆ ನೆರಳು ಏನಾದ್ರೂ ಬರೆದಳಾ?”

ತೈಯಲ್‌ನಾಯಕಿ ತಡಕಾಡಿ ಮಗಳ ಕೈ ಹುಡುಕಿದಳು. ಹೆಬ್ಬೆರಳು ಫೋನಿನ ಗಾಜಿನ ಮೇಲೆ ಅಕ್ಷರಗಳತ್ತ ಸರಿಯುತ್ತಿತ್ತು. ಅದನ್ನು ತನ್ನ ಅಂಗೈಯೊಳಗೆ ಮುಚ್ಚಿ ಹಿಡಿದಳು.

“ಇಲ್ಲಮ್ಮ” ಎಂದಳು ಎಳಿಲರಸಿ. “ಇವತ್ತು ಬರೆದಿಲ್ಲ.”