ಸುಂದರವ್ವ ಗುರ್ತಾ ಹಿಡದ್ಲು

ರಾಮದುರ್ಗದಾಗ ಹಣಮಂತಪ್ಪನ ಫೋಟೋ ಸ್ಟುಡಿಯೋ ಐತಿ. ಅಲ್ಲಿ ಲಗ್ನದ ಅಲ್ಬಂ ಕೂಡಸಾಕಿ ಸುರೇಬಾನದ ರೇಣು. ಹಗಲೆಲ್ಲಾ ಮಂದಿ ಮಾರಿ ಬೆಳ್ಳಗ ಮಾಡಿ ಮಾಡಿ ಆಕಿಗೆ ಮಾರಿ ಅಂದ್ರನ ಸಾಕಾಗಿತ್ತು. ಬಿಡುವು ಸಿಕ್ರ ಮೊಬೈಲ್ ಹಿಡಕೊಂಡು ಸಾಮಾನದ ಫೋಟೋ ತಗೀತಿದ್ಲು. ಎಷ್ಟ ಹತ್ರ ಅಂದ್ರ, ಮೊರ ಮೊರ ಅನ್ನಸಬಾರದು, ರೊಟ್ಟಿ ಹಂಚಿನ ತಳಾ ರಾತ್ರಿ ಮುಗಿಲ ಆಗಿರಬೇಕು. ನೋಡಿದವರು "ಏನವಾ ಇದು" ಅಂದ್ರ ಆಕಿಗೆ ಹೊಟ್ಟಿ ತುಂಬತಿತ್ತು. ಸಂಕಟ ಒಂದ, ಯಾವ ಫೋಟೋದ ಕೆಳಗೂ ಆಕಿ ಹೆಸರಿಲ್ಲ. ಸ್ಟುಡಿಯೋ ಗ್ವಾಡಿಗೆ ಹಾಕಿದ ಎಲ್ಲಾದಕ್ಕೂ ಹಣಮಂತಪ್ಪನ ಶಿಕ್ಕಾ.

ಅದರಾಗ ಒಂದು ಲೋಟಾದ ಫೋಟೋ. ರೇಣುನ ಅವ್ವ ಸುಂದರವ್ವ ಇಪ್ಪತ್ತೆರಡು ವರ್ಷದಿಂದ ರಾಜೇಶ್ವರಿ ಅಕ್ಕಾರ ಮನಿ ಹಿತ್ತಲದಾಗ ಸಗಣಿ ಬಳೀತಾಳ. ಆಕಿ ಚಾ ಕುಡಿಯೂ ಲೋಟಾ ಕೊಟ್ಟಿಗಿ ಗೂಡಿನ್ಯಾಗ ಬೋರಲ ಬಿದ್ದಿರತೈತಿ. ಮನಿಯವರು ಅದನ್ನ ಮುಟ್ಟಂಗಿಲ್ಲ, ಚಾ ಮ್ಯಾಲಿಂದ ಸುರೀತಾರ. ಯಾಕಂತ ನನ್ನ ಕೇಳಬ್ಯಾಡ್ರಿ, ನಿಮಗೂ ಗೊತ್ತೈತಿ. ಒಂದಿನ ಮುಂಜಾನಿ ಬಿಸಲು ಅದರ ನೆಗ್ಗಿನ ಮ್ಯಾಲ ಬಿದ್ದಿತ್ತು. ರೇಣು ತಗದ್ಲು. ನೋಡಿದ್ರ ಹೊಳಿಯಾಗ ಚಂದ್ರಾಮ ಬಿದ್ದಂಗ ಬಂದಿತ್ತು.

ಅಕ್ಕಾರು ಹಳೇ ಮನಿ ಕೆಡವಿ ಹೊಸಾದು ಕಟ್ಟಿಸಿದ್ರು, ಕೊಟ್ಟಿಗಿ ಮಾತ್ರ ಹಂಗ ಉಳಸಿದ್ರು. ಹಾಲ್‌ಗೆ ಚಿತ್ರ ಹುಡಕೊಂತ ಸ್ಟುಡಿಯೋಕ್ಕ ಬಂದವರು ಈ ಫೋಟೋ ಮುಂದ ನಿಂತಬಿಟ್ರು.

"ನಮ್ಮ ಸುಂದರವ್ವನ ಮಗಳು ತಗದದ್ದು? ಭಾಳ ಚಂದ ಐತಿ. ನಿನ್ನ ಹೆಸರು ಹಿತ್ತಾಳಿ ಪಟ್ಟಿ ಮ್ಯಾಲ ಹಾಕಸ್ತೇನಿ, ನೋಡ."

ಏನಿದು ಅಂತ ಅವರು ಕೇಳಲಿಲ್ಲ, ಈಕಿ ಹೇಳಲಿಲ್ಲ. ಹೇಳಿದ್ರ ಹೆಸರು ಹೋಗತಿತ್ತು.

ಗೃಹಪ್ರವೇಶದ ದಿನ ಹಾಲ್ ತುಂಬ ಬೀಗರು. ಮುರಗೋಡದವರು ಚಂದ್ರ ಅಂದ್ರು, ಮತ್ತೊಬ್ಬರು ನವಿಲುತೀರ್ಥದ ನೀರು ಅಂದ್ರು. ಒಬ್ಬ ಮುದುಕ ಲಿಂಗದ ಬೆಳಕು ಅಂತ ಕೈ ಮುಗದ. ರೇಣು ಹೊಸ ಸೀರಿ ಉಟ್ಟು, ಪಟ್ಟಿ ಮ್ಯಾಲಿನ ತನ್ನ ಹೆಸರನ್ನ ಮತ್ತ ಮತ್ತ ಓದಕೊಂತ ನಿಂತಿದ್ಲು.

"ಸುಂದರವ್ವಗೂ ಕರೀರಿ, ಮಗಳ ಹೆಸರು ನೋಡಲಿ," ಅಂದ್ರು ಅಕ್ಕಾರು, ಮಂದಿ ಮುಂದ ದೊಡ್ಡ ಮನಸ ಮಾಡಿ.

ಇಪ್ಪತ್ತೆರಡು ವರ್ಷದಾಗ ಮೊದಲ ಸಲ ಸುಂದರವ್ವ ಒಳಗ ಬಂದ್ಲು. ಓದಾಕ ಬರೂದಿಲ್ಲ, ಅದಕ್ಕ ಫೋಟೋನ ನೋಡಿದ್ಲು. ಮಾರಿ ಅರಳಿತು.

"ಅಯ್ಯ, ನನ್ನ ಲೋಟಾರಿ ಅಕ್ಕಾರ, ಗೂಡಿನ್ಯಾಗಿಂದು. ನೆಗ್ಗ ನೋಡ್ರಿ, ರೇಣು ಸಣ್ಣಾಕಿದ್ದಾಗ ಕೆಡವಿದ್ಲಲ್ಲ."

ಕೈ ಮುಗದಿದ್ದ ಮುದುಕ ಆ ಕೈನ ಧೋತರಕ್ಕ ಒರಸಿಕೊಂಡ. ಅಕ್ಕಾರು ಒದರಲಿಲ್ಲ, ಬೈಲಿಲ್ಲ. ನಕ್ಕರು. ಹಂತಾ ನಗಿ ನಾಯಿಗೂ ಬ್ಯಾಡ.

"ಅಪ್ಪು, ಇಳಸ ಅದನ್ನ," ಅಂದ್ರು ಮಗನಿಗೆ. "ಫ್ರೇಮ್ ಇರಲಿ, ಛಲೋ ಐತಿ. ಒಳಗಿನ ಹಾಳಿ ಬಚ್ಚಲ ಒಲಿಗೆ ಹಾಕು."

ಅಪ್ಪು ಚಾಕು ತಂದು ಹೆಸರಿನ ಪಟ್ಟಿ ಎಬ್ಬಿಸಿದ. ಗ್ವಾಡಿಗೆ ಗೋಮೂತ್ರ ಹೊಡದ್ರು. ಆಮ್ಯಾಲ ಹೋಳಗಿ ಬಡಸಿದ್ರು, ಅವ್ವ-ಮಗಳಿಗೆ ಹಿತ್ತಲದಾಗ ಎಲಿ ಹಾಕಿದ್ರು. ರೇಣು ಎಲಿ ಮುಟ್ಟಲಿಲ್ಲ.

ಮನಿಗೆ ಹೋಗೂ ದಾರಿಯಾಗ ಆಕಿ ಬಾಯಿ ಬಿಟ್ಟಳು. "ನಿನಗ ಮಾತಾಡು ಅಂತ ಯಾರ ಹೇಳಿದ್ರು? ಆ ಲೋಟಾದಾಗ ಕುಡದು ಕುಡದು ನಿನ್ನ ಬುದ್ಧಿನೂ ಅದರಂಗ ನೆಗ್ಗೇತಿ."

ಹೆತ್ತಾಕಿಗೆ ಹಿಂಗ ಅನ್ನಬಾರದು. ಅಂದ್ಲು.

ಸುಂದರವ್ವ ಸಿಟ್ಟಾಗಲಿಲ್ಲ. "ಅದು ಒಳಗ ಬರಬಾರದಂತ ನನಗ ಗೊತ್ತಿಲ್ಲೇನು? ಅಷ್ಟ ಚಂದ ಕಂಡದ್ದಕ್ಕ ಮರತಬಿಟ್ನೆವ್ವ." ನಾಕ ಹೆಜ್ಜಿ ನಡದು ಅಂದ್ಲು, "ಇನ್ನೊಮ್ಮೆ ತೋರಸ. ಮೊಬೈಲ್‌ನ್ಯಾಗ ಇರಬೇಕಲ್ಲ."

"ಅಳಿಸೇನಿ," ಅಂದ್ಲು ರೇಣು.

ಅಳಿಸಿರಲಿಲ್ಲ.

ಮರುದಿನ ಮುಂಜಾನಿ ಸಗಣಿ ಬಳದು, ಕೈ ತೊಳಕೊಂಡು, ಸುಂದರವ್ವ ಗೂಡಿನ್ಯಾಗಿಂದ ಲೋಟಾ ತಗೊಂಡ್ಲು. ಬಿಸಲಿಗೆ ಹಿಡದ್ಲು. ಅಷ್ಟ ಚಂದ ಎಲ್ಲಿತ್ತಂತ ಆ ಕಡೆ ಈ ಕಡೆ ತಿರುವಿ ತಿರುವಿ ಹುಡುಕಿದ್ಲು, ಕಣ್ಣಾಗ ನೀರು ಬರೂತನಕ ಹುಡುಕಿದ್ಲು.

"ಸರಿಯಾಗಿ ಹಿಡಿ, ಚಾ ಆರತೈತಿ," ಅಂತ ಅಕ್ಕಾರು ಮ್ಯಾಲಿಂದ ಸುರದ್ರು.